ಹಾಲೋ, ಮಜ್ಜಿಗೆಯೋ, ಕ್ರೀಮೋ? ಓಟ್ಸ್ ಸ್ಕಾನ್ ಮಾಡಿ ನೋಡಿದ ಕತೆ

ಮಗಳ ಬಾಣಂತನಕ್ಕೆಂದು ಸ್ಕಾಟ್‌ಲೆಂಡಿಗೆ ಹೋಗಿದ್ದಾಗ ಮೊದಲ ಸಲ ಸ್ಕಾನ್ ತಿಂದೆ. ಅಲ್ಲಿಯವರು 'ಸ್ಕಾನ್' ಅನ್ನುತ್ತಾರೆ. ಇಂಗ್ಲೆಂಡಿನ ಎಷ್ಟೋ ಜನ 'ಸ್ಕೋನ್' ಅನ್ನುತ್ತಾರೆ. ಸ್ಕಾಟ್‌ಲೆಂಡಿನ ಪರ್ತ್ ಹತ್ತಿರ ಇದೇ ಸ್ಪೆಲಿಂಗಿನ ಒಂದು ಊರೂ ಇದೆ. ಹಿಂದೆ ಅಲ್ಲಿನ ರಾಜರಿಗೆ ಪಟ್ಟ ಕಟ್ಟುತ್ತಿದ್ದ ಜಾಗ ಅದು. ಅದನ್ನು ಮಾತ್ರ 'ಸ್ಕೂನ್' ಅನ್ನಬೇಕಂತೆ! ಹೆಸರು ಏನಾದರಿರಲಿ, ತಿಂಡಿ ನನಗೆ ಹಿಡಿಸಿತು. ನಮ್ಮ ಅಯ್ಯಂಗಾರ್ ಬೇಕರಿಯ ಬನ್ನಿಗೂ ಬೆಣ್ಣೆ ಬಿಸ್ಕತ್ತಿಗೂ ನಡುವಿನದು. ಯೀಸ್ಟ್ ಬೇಡ, ಮೊಟ್ಟೆ ಇಲ್ಲದೆಯೂ ಆಗುತ್ತದೆ. ಮೈಸೂರಿಗೆ ಬಂದ ಮೇಲೆ ಇದನ್ನೇ ಹಿಡಿದು ಕೂತೆ.

ಅಳತೆ ಒಂದೇ ಇಟ್ಟುಕೊಂಡೆ. ಮೈದಾ 175 ಗ್ರಾಂ, ಓಟ್ಸ್ 75 ಗ್ರಾಂ, ಉಪ್ಪಿಲ್ಲದ ಬೆಣ್ಣೆ 60 ಗ್ರಾಂ, ಸಕ್ಕರೆ ಎರಡು ದೊಡ್ಡ ಚಮಚ, ಒಣದ್ರಾಕ್ಷಿ ಒಂದು ಹಿಡಿ, ಚಿಟಿಕೆ ಉಪ್ಪು. ಕಲಸುವುದು ಯಾವುದರಲ್ಲಿ ಅನ್ನುವುದನ್ನಷ್ಟೇ ಬದಲಾಯಿಸಿದೆ.

ಮೊದಲು ಹಾಲು, ಅದಕ್ಕೆ ಎರಡೂವರೆ ಟೀ ಚಮಚ ಬೇಕಿಂಗ್ ಪೌಡರ್. ಈ ಪೌಡರಿನ ಹಿಂದೆ ಒಂದು ಕತೆ ಇದೆ. ಬರ್ಮಿಂಗ್‌ಹ್ಯಾಮಿನ ಆಲ್‌ಫ್ರೆಡ್ ಬರ್ಡ್ ಅನ್ನುವವನ ಹೆಂಡತಿಗೆ ಯೀಸ್ಟ್ ಒಗ್ಗುತ್ತಿರಲಿಲ್ಲ, ಅದಕ್ಕೆ 1843ರಲ್ಲಿ ಅವನು ಇಂಥದ್ದೊಂದು ಪುಡಿ ಮಾಡಿದ. ಪುಣ್ಯಾತ್ಮ. ಹಾಲಿನದು ಮೂರರಲ್ಲೂ ಎತ್ತರಕ್ಕೆ ಉಬ್ಬಿತು. ನೋಡಲು ಇದೇ ಚೆಂದ. ಬಿಸಿಯಲ್ಲಿ ರುಚಿಗೂ ಅಡ್ಡಿಯಿಲ್ಲ. ಆದರೆ ಒಳಗೆ ಓಟ್ಸ್ ಬೇರೆ, ಹಿಟ್ಟು ಬೇರೆ ಅನ್ನುವ ಹಾಗಿತ್ತು. ಮರುದಿನವಂತೂ ಪೂರ್ತಿ ರಸ್ಕ್. ನಮ್ಮವರು ಕಾಫಿಯಲ್ಲಿ ಅದ್ದಿ ತಿಂದು, "ಇದನ್ನ ಮಾಡೋಕೆ ಇಷ್ಟು ಒದ್ದಾಟವಾ? ಬೇಕರಿಲಿ ಸಿಗುತ್ತಲ್ಲ" ಅಂದರು.

ಎರಡನೆಯದು ಕ್ರೀಮ್. ಡಬ್ಬಿಯ ಫ್ರೆಶ್ ಕ್ರೀಮ್ 200 ಮಿ.ಲೀ. ಸುರಿದರೆ ಬೆಣ್ಣೆಯೇ ಬೇಡ. ಬೆಣ್ಣೆ ಉಜ್ಜುವ ಕೆಲಸ ತಪ್ಪಿತಲ್ಲ ಅಂತ ಖುಷಿಯಾಯಿತು. ಆದರೆ ಬ್ರಿಟನ್ನಿನವರು ಹಾಕುವ ಡಬಲ್ ಕ್ರೀಮಿನಲ್ಲಿ ಕೊಬ್ಬು ಶೇ. 48ರಷ್ಟಿರುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವುದು ಶೇ. 25ರದ್ದು. ಹಾಗಾಗಿ ನಮ್ಮದರಲ್ಲಿ ಪದರ ಏಳಲಿಲ್ಲ. ಮೆತ್ತಗಿತ್ತು, ಬಾಯಲ್ಲಿ ಕರಗಿತು, ಆದರೆ ಸ್ವಲ್ಪ ಕೇಕ್ ಹಾಗೆ. ಖರ್ಚೂ ಜಾಸ್ತಿ. ಅವಸರಕ್ಕೆ ಆಗುತ್ತದೆ, ಅಷ್ಟೇ.

ಮೂರನೆಯದು ಮಜ್ಜಿಗೆ. ಇಲ್ಲಿ ಮೊದಲ ಸಲ ಎಡವಿದೆ. ಅರ್ಧ ಟೀ ಚಮಚ ಸೋಡಾ, ಒಂದು ಟೀ ಚಮಚ ಬೇಕಿಂಗ್ ಪೌಡರ್ ಹಾಕಿ ಕಲಸಿ, ಕತ್ತರಿಸಿ ಟ್ರೇಯಲ್ಲಿ ಜೋಡಿಸಿದ್ದೆ. ಓವನ್ ಕಾಯುತ್ತಿರುವಾಗಲೇ ಕರೆಂಟು ಹೋಯಿತು. ಬಂದದ್ದು ಮುಕ್ಕಾಲು ಗಂಟೆಯ ಮೇಲೆ. ಹುಳಿ ತಾಗಿದ ಕ್ಷಣದಿಂದಲೇ ಸೋಡಾ ಗುಳ್ಳೆ ಬಿಡುತ್ತದೆ, ನಮಗಾಗಿ ಕಾಯುತ್ತದಾ? ಓವನ್ನಿಗೆ ಹೋಗುವ ಹೊತ್ತಿಗೆ ಗಾಳಿಯೆಲ್ಲ ಖಾಲಿ. ಸ್ಕಾನ್ ಬೆರಣಿಯ ಹಾಗೆ ಚಪ್ಪಟೆ. ಆದರೆ ಮುರಿದು ಬಾಯಿಗೆ ಹಾಕಿಕೊಂಡರೆ ಓಟ್ಸ್ ಅಷ್ಟು ಮೆತ್ತಗೆ, ಅಷ್ಟು ರುಚಿ! ಮುಕ್ಕಾಲು ಗಂಟೆ ಮಜ್ಜಿಗೆ ಕುಡಿದು ನೆನೆದಿದ್ದವಲ್ಲ.

ಆಗ ತಲೆಗೆ ಹೋಯಿತು. ಮೈದಾ ನೀರನ್ನು ಬೇಗ ಎಳೆದುಕೊಳ್ಳುತ್ತದೆ, ಓಟ್ಸಿಗೆ ಹೊತ್ತು ಬೇಕು. ಕಲಸುವಾಗ ಸರಿಯಾಗಿದೆ ಅನ್ನಿಸಿದ ಹಿಟ್ಟು ಬೇಯುವಾಗ ಒಣಗುವುದು ಇದಕ್ಕೇ. ಮುಂದಿನ ಸಲ ಓಟ್ಸನ್ನು ಮಾತ್ರ ಮೊದಲೇ 150 ಮಿ.ಲೀ. ಮಜ್ಜಿಗೆಯಲ್ಲಿ ಇಪ್ಪತ್ತು ನಿಮಿಷ ನೆನೆಹಾಕಿದೆ. ಸೋಡಾ ಮೈದಾದ ಜೊತೆಗೇ ಇತ್ತು. ಓವನ್ ಕಾದ ಮೇಲೆಯೇ ಎರಡನ್ನೂ ಸೇರಿಸಿದ್ದು. ಹಾಲಿನದಷ್ಟು ಎತ್ತರ ಬರಲಿಲ್ಲ, ನಿಜ. ಆದರೆ ತೆಳ್ಳನೆ ಹುಳಿ, ಓಟ್ಸಿನ ಪರಿಮಳ, ಮಾರನೆಯ ದಿನವೂ ಮೆತ್ತಗೆ. ನನ್ನ ಓಟು ಇದಕ್ಕೇ. ಮಜ್ಜಿಗೆ ಅಂದರೆ ಊಟದ ಕೊನೆಗೆ ಕುಡಿಯುವ ನೀರು ಮಜ್ಜಿಗೆ ಅಲ್ಲ, ಗಟ್ಟಿ ಮೊಸರಿಗೆ ಒಂದಿಷ್ಟೇ ನೀರು ಹಾಕಿ ಕಡೆದದ್ದು. ಹಾಲನ್ನೂ ಹೀಗೇ ಓಟ್ಸಿನ ಜೊತೆ ಮೊದಲೇ ನೆನೆಸಿ ನೋಡಿದೆ. ಮೊದಲಿಗಿಂತ ಎಷ್ಟೋ ವಾಸಿ, ಆದರೂ ಸಪ್ಪೆ.

ಓಟ್ಸ್ ಅಂದರೆ ಅಗಲ ಹಾಳೆಯ ರೋಲ್ಡ್ ಓಟ್ಸ್. ಇನ್‌ಸ್ಟಂಟ್ ಓಟ್ಸ್ ಗಂಜಿಯಾಗುತ್ತದೆ. ನುಚ್ಚಿನ ಹಾಗಿರುವ ಸ್ಟೀಲ್ ಕಟ್ ಓಟ್ಸ್ ಹದಿನೈದು ನಿಮಿಷಕ್ಕೆ ಬೇಯುವುದೇ ಇಲ್ಲ, ಹಲ್ಲಿಗೆ ಕಲ್ಲು ಸಿಕ್ಕ ಹಾಗೆ. ಬಾಣಲೆಯಲ್ಲಿ ಒಣಗೇ ಹುರಿದು ಘಮ್ಮೆಂದ ಮೇಲೆ ನೆನೆಸಿದರೆ ಇನ್ನೂ ಚೆನ್ನ. ಒಮ್ಮೆ ನಮ್ಮವರು ಅಂಗಡಿಯಿಂದ ಮಸಾಲಾ ಓಟ್ಸ್ ತಂದುಬಿಟ್ಟಿದ್ದರು. ಅದರ ವಿಷಯ ಬೇಡ ಬಿಡಿ.

ಹಣ್ಣಿನಲ್ಲಿ ನನಗೆ ಒಣದ್ರಾಕ್ಷಿಯೇ ಸೈ. ವಿಜಯಪುರದ ಕಡೆಯದು ಸಿಕ್ಕರೆ ಬಿಡುವುದಿಲ್ಲ. ಬಿಸಿ ನೀರಲ್ಲಿ ಹತ್ತು ನಿಮಿಷ ಇಟ್ಟು, ಬಟ್ಟೆಯಲ್ಲಿ ಒತ್ತಿ ಒರೆಸಿ ಹಾಕಬೇಕು. ಮೇಲೆ ತಲೆ ಎತ್ತಿದ ದ್ರಾಕ್ಷಿಯನ್ನು ಬೆರಳಲ್ಲಿ ಒಳಗೆ ಒತ್ತಿಬಿಡಿ, ಇಲ್ಲದಿದ್ದರೆ ಅದು ಕರಿದಾಗಿ ಕಹಿಯಾಗುತ್ತದೆ. ಸೇಬು ಹೆಚ್ಚಿ ಹಾಕಿದೆ, ನೀರು ಬಿಟ್ಟುಕೊಂಡು ಸುತ್ತಲಿನ ಹಿಟ್ಟು ಹಸಿಹಸಿಯಾಗೇ ಉಳಿಯಿತು. ಏಲಕ್ಕಿ ಬಾಳೆಹಣ್ಣು ಹಾಕಿದರೆ ಸ್ಕಾನ್ ಹೋಗಿ ಬನಾನಾ ಬ್ರೆಡ್ ಆಯಿತು. ಖರ್ಜೂರ ಪರವಾಗಿಲ್ಲ, ಸಕ್ಕರೆ ಕಡಿಮೆ ಮಾಡಿದರೆ.

ಕತ್ತರಿಸುವುದು ಸಣ್ಣ ವಿಷಯ ಅಂದುಕೊಂಡಿದ್ದೆ. ಕಟರ್ ಇಲ್ಲ ಅಂತ ಸ್ಟೀಲ್ ಲೋಟ ಬೋರಲು ಹಾಕಿ ಒತ್ತಿದೆ. ಲೋಟದ ಅಂಚು ಸುರುಳಿ ಸುತ್ತಿ ದಪ್ಪಗಿರುತ್ತದಲ್ವಾ? ಅದು ಕತ್ತರಿಸುವುದಿಲ್ಲ, ಅಮುಕುತ್ತದೆ. ಅಂಚಿನ ಪದರಗಳು ಒಂದಕ್ಕೊಂದು ಅಂಟಿ, ಎಲ್ಲವೂ ಒಂದೊಂದು ಕಡೆಗೆ ವಾಲಿದವು. ಈಗ ಹಿಟ್ಟನ್ನು ಬೆರಳು ದಪ್ಪಕ್ಕೆ ದುಂಡಗೆ ತಟ್ಟಿ, ಚಾಕು ನೇರ ಇಳಿಸಿ ತ್ರಿಕೋನ ಮಾಡುತ್ತೇನೆ. ಸ್ಕಾಟ್‌ಲೆಂಡಿನವರ ಹಳೆಯ ಪದ್ಧತಿಯೂ ಇದೇ. ಹೀಗೆ ಕತ್ತರಿಸಿದ ತುಂಡಿಗೆ ಅವರು 'ಫಾರ್ಲ್' ಅನ್ನುತ್ತಾರೆ, ನಾಲ್ಕನೆಯ ಒಂದು ಭಾಗ ಅಂತ ಅರ್ಥ.

ಈ ತುಂಡುಗಳನ್ನು ಅವರು ಬೇಯಿಸುತ್ತಿದ್ದದ್ದು ಓವನ್ನಿನಲ್ಲಲ್ಲ, ಒಲೆಯ ಮೇಲಿನ ಕಬ್ಬಿಣದ ಹಂಚಿನ ಮೇಲೆ. ಅದನ್ನು ಕೇಳಿದ ಮೇಲೆ ನಮ್ಮ ದೋಸೆ ಕಾವಲಿ ಸುಮ್ನೆ ಕೂರುತ್ತದಾ? ಸಣ್ಣ ಉರಿಯಲ್ಲಿ ಕಾಯಿಸಿ, ಎಣ್ಣೆ ಹಾಕದೆ, ಚೂರು ಮೈದಾ ಉದುರಿಸಿದೆ. ಅದು ನಿಧಾನಕ್ಕೆ ಕಂದಾದಾಗ ತುಂಡುಗಳನ್ನಿಟ್ಟೆ. ಒಂದೊಂದು ಬದಿಗೆ ಆರೇಳು ನಿಮಿಷ. ಮುಚ್ಚಳ ಮುಚ್ಚಿದರೆ ಇಡ್ಲಿಯ ಹಾಗೆ ಬೆವರಿ ಮೇಲೆಲ್ಲ ಒದ್ದೆಯಾಗುತ್ತದೆ, ಮುಚ್ಚಬೇಡಿ. ಕೊನೆಗೆ ಮೂರು ಅಂಚನ್ನೂ ಒಂದೊಂದಾಗಿ ನಿಲ್ಲಿಸಿ ಕಾಯಿಸಬೇಕು. ಓವನ್ನಿನದು ಸುತ್ತಲೂ ಹೊಂಬಣ್ಣ, ಮೇಲೆ ಗರಿಗರಿ. ಕಾವಲಿಯದು ಎರಡೂ ಮುಖ ರೊಟ್ಟಿಯ ಹಾಗೆ ಚುಕ್ಕೆ ಚುಕ್ಕೆ ಕಂದು, ನಡುವೆ ಬಿಳಿ ಪಟ್ಟಿ. ಸುಟ್ಟ ಓಟ್ಸಿನ ವಾಸನೆ ಇದರಲ್ಲೇ ಜಾಸ್ತಿ. ಓವನ್ ಹದಿನೈದು ನಿಮಿಷ 220 ಡಿಗ್ರಿಗೆ ಕಾಯಬೇಕು, ಆಮೇಲೆ 200ರಲ್ಲಿ ಇನ್ನೊಂದು ಹದಿನೈದು ನಿಮಿಷ ಬೇಯಬೇಕು. ಕಾವಲಿಗೆ ಆ ಕಾಯುವಿಕೆ ಇಲ್ಲ, ಕರೆಂಟಿನ ಗೊಡವೆಯೂ ಇಲ್ಲ.

ನೆಂಟರು ಬಂದರೆ ಓವನ್. ಎಂಟು ತುಂಡು ಒಟ್ಟಿಗೆ ಆಗುತ್ತವೆ, ನೋಡಲೂ ಚೆಂದ. ನಾವಿಬ್ಬರೇ ಇರುವ ಸಂಜೆಗೆ ಅರ್ಧ ಅಳತೆ ಕಲಸಿ ಕಾವಲಿ ಇಡುತ್ತೇನೆ. ಸ್ಕಾನ್ ಮೇಲೆ ಜಾಮ್ ಮೊದಲೋ ಕ್ರೀಮ್ ಮೊದಲೋ ಅಂತ ಇಂಗ್ಲೆಂಡಿನ ಕಾರ್ನ್‌ವಾಲಿನವರೂ ಡೆವನ್ನಿನವರೂ ಇವತ್ತಿಗೂ ಜಗಳ ಆಡುತ್ತಾರಂತೆ. ನಮ್ಮವರು ಬಿಸಿ ಸ್ಕಾನನ್ನು ನಡುವೆ ಸೀಳಿ, ತುಪ್ಪ ಸವರಿ, ಮೇಲೆ ಜೋನಿಬೆಲ್ಲ ಹನಿಸಿಕೊಳ್ಳುತ್ತಾರೆ. ಬೇಕರಿಯ ಮಾತು ಈಗ ಎತ್ತುವುದಿಲ್ಲ.