ಐದು ಪ್ರಾರ್ಥನಾ ಕ್ರಮಗಳು: ಒಂದೂವರೆ ವರ್ಷ ನಡೆಸಿ ನೋಡಿದ ಮೇಲೆ

ಪ್ರಾರ್ಥನೆಗೆ ಕುಳಿತಾಗಲೆಲ್ಲ ನನ್ನ ಬಾಯಿಗೆ ಬರುತ್ತಿದ್ದುದು ಬೇಡಿಕೆಗಳ ಪಟ್ಟಿಯೊಂದೇ. ಅದನ್ನು ಒಪ್ಪಿಸಿ ಮುಗಿಸಿದ ಮೇಲೆ ದೇವರ ಮುಂದೆ ಹೇಳುವುದಕ್ಕಾಗಲಿ ಕೇಳಿಸಿಕೊಳ್ಳುವುದಕ್ಕಾಗಲಿ ಏನೂ ಉಳಿಯುತ್ತಿರಲಿಲ್ಲ. ಆ ಬರಡುತನವನ್ನು ಸಹಿಸಲಾರದೆ ಕ್ರೈಸ್ತ ಪರಂಪರೆಯ ಐದು ಪ್ರಾರ್ಥನಾ ಕ್ರಮಗಳನ್ನು ಒಂದಾದ ಮೇಲೊಂದರಂತೆ, ಪ್ರತಿಯೊಂದಕ್ಕೂ ಕನಿಷ್ಠ ಎರಡು ತಿಂಗಳು ಕೊಟ್ಟು, ನಡೆಸಿ ನೋಡಿದೆ. ಮೊದಲ ವಾರದ ಉತ್ಸಾಹವನ್ನಾಗಲಿ ಮೂರನೆಯ ವಾರದ ಬೇಸರವನ್ನಾಗಲಿ ನಂಬಿ ತೀರ್ಪು ಕೊಡುವುದು ಸರಿಯಲ್ಲವೆಂಬ ಕಾರಣಕ್ಕೆ ಈ ಅವಧಿಯನ್ನು ಇಟ್ಟುಕೊಂಡೆ.

ಮೊದಲನೆಯದು ಬೈಬಲಿನ ಕೀರ್ತನೆಗಳ ಕ್ರಮಬದ್ಧ ಪಠನ. 6ನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟರು ತಮ್ಮ ಮಠದ ನಿಯಮಾವಳಿಯಲ್ಲಿ 150 ಕೀರ್ತನೆಗಳನ್ನೂ ಒಂದೇ ವಾರದಲ್ಲಿ ಮುಗಿಯುವಂತೆ ಹಂಚಿದ್ದರು. 1549ರ ಆಂಗ್ಲಿಕನ್ (ಇಂಗ್ಲೆಂಡಿನ ಸಭೆಯ) ಪ್ರಾರ್ಥನಾ ಪುಸ್ತಕವು ಅವುಗಳನ್ನು ಬೆಳಗು ಸಂಜೆಗಳಿಗೆ ಹಂಚಿ ಒಂದು ತಿಂಗಳ ಸುತ್ತನ್ನಾಗಿ ಮಾಡಿತು. ಕಥೋಲಿಕ ಬಿಷಪರೆಲ್ಲ ಸೇರಿದ್ದ ಎರಡನೆಯ ವ್ಯಾಟಿಕನ್ ಮಹಾಸಭೆಯ (1962–65) ನಂತರ ಪರಿಷ್ಕೃತವಾದ ಕಥೋಲಿಕ ಪ್ರಾರ್ಥನಾವಿಧಿಯಲ್ಲಿ ನಾಲ್ಕು ವಾರಗಳ ಸುತ್ತು ಇದೆ. ಆದರೆ ಶಾಪದ ಮಾತುಗಳಿರುವ 58, 83 ಮತ್ತು 109ನೆಯ ಕೀರ್ತನೆಗಳನ್ನು ಅದರಲ್ಲಿ ಕೈಬಿಡಲಾಗಿದೆ. ನಾಲ್ಕು ವಾರಗಳ ವಿಧಿಯಲ್ಲಿ ಸ್ತೋತ್ರ, ವಾಚನ, ಮನವಿಗಳೆಲ್ಲ ಹೊಂದಿಕೊಂಡಿರುವುದರಿಂದ ಪ್ರಾರ್ಥನೆ ತುಂಬಿ ಬರುತ್ತದೆ, ಆದರೆ ಪುಟ ತಿರುವುವುದನ್ನು ಕಲಿಯುವುದಕ್ಕೇ ಕೆಲವು ವಾರಗಳು ಬೇಕು. ನಾನು ತಿಂಗಳ ಸುತ್ತನ್ನೇ ಉಳಿಸಿಕೊಂಡೆ. ಅದು ಸರಳವಾಗಿದೆ, ಯಾವುದನ್ನೂ ಬಿಡುವುದಿಲ್ಲ. 109ನೆಯದನ್ನು ಓದುವಾಗ ನನ್ನೊಳಗೇ ಅಡಗಿದ್ದ ಸೇಡಿನ ಮಾತುಗಳು ದೇವರ ಎದುರಿಗೆ ಬಂದು ನಿಂತವು, ಅವುಗಳಿಗೆ ಅದಕ್ಕಿಂತ ಸುರಕ್ಷಿತವಾದ ಜಾಗ ಬೇರೆಲ್ಲೂ ಇಲ್ಲವೆಂದು ನನಗೆ ಅನಿಸಿತು.

ಈ ಕ್ರಮದ ದೊಡ್ಡ ಬಲವೆಂದರೆ ಅದು ನನ್ನ ಮನಃಸ್ಥಿತಿಯನ್ನು ಕೇಳುವುದೇ ಇಲ್ಲ. ತುಂಬ ಸಂತೋಷದಲ್ಲಿದ್ದ ಒಂದು ದಿನ 88ನೆಯ ಕೀರ್ತನೆ ಸರದಿಗೆ ಬಂತು. ಭರವಸೆಯ ಒಂದು ಮಾತೂ ಇಲ್ಲದೆ ಕತ್ತಲೆಯಲ್ಲೇ ಮುಗಿದುಹೋಗುವ ಕೀರ್ತನೆ ಅದು. ಇದು ಇವತ್ತು ನನ್ನ ಪ್ರಾರ್ಥನೆಯಲ್ಲ ಎಂದುಕೊಳ್ಳುತ್ತಿರುವಾಗಲೇ, ಆ ಹೊತ್ತಿನಲ್ಲಿ ಅದೇ ಸ್ಥಿತಿಯಲ್ಲಿರುವ ಯಾರದೋ ಪರವಾಗಿ ನಾನದನ್ನು ಹೇಳುತ್ತಿದ್ದೇನೆ ಎಂಬುದು ಹೊಳೆಯಿತು. ಬೇಡಿಕೆಗಳ ಪಟ್ಟಿಯಿಂದ ನಾನು ಹೊರಬಂದದ್ದು ಅಂದೇ. ನಾಲಿಗೆ ಓದುತ್ತಿದ್ದರೂ ಮನಸ್ಸು ಎಲ್ಲೋ ಅಲೆಯುತ್ತಿರುವುದು ಇದರ ಕೊರತೆ. ಗಟ್ಟಿಯಾಗಿ ಓದಿ, ಮಠಗಳಲ್ಲಿ ಮಾಡುವಂತೆ ಪ್ರತಿ ವಚನದ ನಡುವೆ ಒಂದು ಉಸಿರಿನಷ್ಟು ನಿಂತರೆ ಅದು ಬಹುಮಟ್ಟಿಗೆ ತಗ್ಗುತ್ತದೆ.

ಇದಕ್ಕೆ ನೇರ ಎದುರಾಗಿ ನಿಲ್ಲುವುದು ‘ಲೆಕ್ತಿಯೊ ದಿವಿನಾ’ ಎಂಬ ಧ್ಯಾನವಾಚನ. 12ನೆಯ ಶತಮಾನದ ಕಾರ್ತೂಸಿಯನ್ ಪಂಥದ ಸನ್ಯಾಸಿ ಎರಡನೆಯ ಗೀಗೊ ಇದನ್ನು ಓದು, ಮನನ, ಪ್ರಾರ್ಥನೆ, ಮೌನದರ್ಶನವೆಂಬ ನಾಲ್ಕು ಮೆಟ್ಟಿಲುಗಳ ಏಣಿಯಾಗಿ ವಿವರಿಸಿದರು. ಕೀರ್ತನೆಗಳ ಸುತ್ತಿನಲ್ಲಿ ದಿನವೂ ಮುಂದೆ ಸಾಗಬೇಕು, ಇಲ್ಲಿ ಇದ್ದಲ್ಲೇ ನಿಲ್ಲಬೇಕು. ಮಾರ್ಕನ ಸುವಾರ್ತೆಯ 10ನೆಯ ಅಧ್ಯಾಯದ ಕುರುಡ ಬಾರ್ತಿಮಾಯನ ಪ್ರಸಂಗದಲ್ಲಿ ನಾನು ಐದು ದಿನ ನಿಂತೆ. ಮೂರು ದಿನ ಏನೂ ದಕ್ಕಲಿಲ್ಲ. ನಾಲ್ಕನೆಯ ದಿನ, ಯೇಸು ಕರೆದಾಗ ಅವನು ತನ್ನ ಹೊದಿಕೆಯನ್ನು ಬಿಸಾಡಿ ಎದ್ದನೆಂಬ ಮಾತು ಹಿಡಿದು ನಿಲ್ಲಿಸಿತು. ಕಣ್ಣಿಲ್ಲದವನು ಎಸೆದದ್ದನ್ನು ಮತ್ತೆ ಹುಡುಕಿಕೊಳ್ಳುವುದು ಸುಲಭವಲ್ಲ. ದೃಷ್ಟಿ ಬರುವ ಮೊದಲೇ ಅವನು ಅದನ್ನು ಬಿಟ್ಟಿದ್ದ. ನಾನು ಬಿಗಿಯಾಗಿ ಹೊದ್ದುಕೊಂಡಿರುವುದೇನೆಂಬ ಪ್ರಶ್ನೆ ಆಮೇಲೆ ವಾರಗಟ್ಟಲೆ ನನ್ನ ಬೆನ್ನು ಬಿಡಲಿಲ್ಲ. ಆಳದಲ್ಲಿ ಇದಕ್ಕೆ ಸಮನಾದದ್ದು ಇನ್ನೊಂದಿಲ್ಲ, ಆದರೆ ಅವಸರದ ಬೆಳಗಿಗೆ ಇದು ಒಗ್ಗುವುದಿಲ್ಲ. ಅರ್ಧ ಗಂಟೆಯ ಬಿಡುವಿಲ್ಲದ ದಿನ ಇದನ್ನು ಮುಟ್ಟದಿರುವುದೇ ಮೇಲು.

ಮೌನದ ಕ್ರಮಗಳಲ್ಲಿ ಎರಡನ್ನು ಹೋಲಿಸಿದೆ. 1970ರ ದಶಕದಲ್ಲಿ ಅಮೆರಿಕದ ಟ್ರಾಪಿಸ್ಟ್ ಪಂಥದ ಸನ್ಯಾಸಿಗಳಾದ ವಿಲಿಯಂ ಮೆನಿಂಜರ್, ಬೇಸಿಲ್ ಪೆನ್ನಿಂಗ್ಟನ್, ಥಾಮಸ್ ಕೀಟಿಂಗ್ ಅವರು ರೂಪಿಸಿದ ‘ಸೆಂಟರಿಂಗ್ ಪ್ರೇಯರ್’ನಲ್ಲಿ ಒಂದು ಪವಿತ್ರ ಪದವನ್ನು ಆರಿಸಿಕೊಂಡು, ಯೋಚನೆ ಎದ್ದಾಗಲೆಲ್ಲ ಮೃದುವಾಗಿ ಅದಕ್ಕೆ ಮರಳುತ್ತ, ದಿನಕ್ಕೆರಡು ಬಾರಿ 20 ನಿಮಿಷ ಕುಳಿತಿರಬೇಕು. ಪೂರ್ವದ ಆರ್ಥೊಡಾಕ್ಸ್ ಸಭೆಗಳ ಯೇಸು ಜಪವಾದರೋ ‘ಕರ್ತನಾದ ಯೇಸು ಕ್ರಿಸ್ತನೇ, ದೇವಕುಮಾರನೇ, ಪಾಪಿಯಾದ ನನ್ನನ್ನು ಕರುಣಿಸು’ ಎಂಬ ಒಂದೇ ವಾಕ್ಯ; ಲೂಕನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ದೇವರ ಕರುಣೆ ಬೇಡುವ ಸುಂಕದವನ ಮೊರೆ ಅದರೊಳಗಿದೆ. ಮೊದಲನೆಯದರಲ್ಲಿ ನನಗೆ ನೆಮ್ಮದಿ ಸಿಕ್ಕಿತು, ಆದರೆ ಯಾರ ಎದುರು ಕುಳಿತಿದ್ದೇನೆಂಬ ಅರಿವು ಮಸುಕಾಗುತ್ತ ಹೋಯಿತು. ಅನೇಕರು ಅದರಿಂದ ನಿಜವಾದ ಫಲ ಪಡೆದಿದ್ದಾರೆ. ನನ್ನ ಮನಸ್ಸಿಗಂತೂ ಒಂದು ಹೆಸರು, ಒಂದು ಮುಖ ಬೇಕು. ಯೇಸು ಜಪ ಅದನ್ನು ಕೊಟ್ಟಿತು. ಜ್ವರದಲ್ಲಿ ಮಲಗಿ ಕೀರ್ತನೆಯ ನಾಲ್ಕು ಸಾಲನ್ನೂ ಓದಲಾಗದ ರಾತ್ರಿಯಲ್ಲಿ ಉಳಿದ ಪ್ರಾರ್ಥನೆ ಅದೊಂದೇ.

ಈ ಐದರ ಲೆಕ್ಕಕ್ಕೆ ಸೇರದಿದ್ದರೂ ಒಂದು ಮಾತು: ಮೊಬೈಲ್ ಆ್ಯಪ್‌ಗಳ ಮಾರ್ಗದರ್ಶಿತ ಪ್ರಾರ್ಥನೆ ಆರಂಭಿಕರಿಗೆ ಕೈಹಿಡಿದು ನಡೆಸುವ ಒಳ್ಳೆಯ ಸಹಾಯ. ಆದರೆ ಪ್ರಾರ್ಥನೆ ಮುಗಿದೊಡನೆ ಕಣ್ಣಿಗೆ ಬೀಳುವುದು ಅದೇ ಪರದೆಯ ಮೇಲಿನ ಉಳಿದ ಸಂದೇಶಗಳು. ಅಚ್ಚಾದ ಪುಸ್ತಕಕ್ಕೆ ನಾನು ಮರಳಿದ್ದು ಅದಕ್ಕಾಗಿ.

ಐದನೆಯದು ಯೇಸುಸಭೆಯ ಸ್ಥಾಪಕರಾದ ಲೊಯೋಲದ ಸಂತ ಇಗ್ನೇಷಿಯಸರ ಆತ್ಮಶೋಧನೆ. 1548ರಲ್ಲಿ ಪೋಪರ ಒಪ್ಪಿಗೆ ಪಡೆದ ಅವರ ‘ಆಧ್ಯಾತ್ಮಿಕ ಸಾಧನೆಗಳು’ ಎಂಬ ಪುಸ್ತಕ ಇದನ್ನು ಐದು ಹಂತಗಳಲ್ಲಿ ಹೇಳುತ್ತದೆ: ಕೃತಜ್ಞತೆ ಸಲ್ಲಿಸುವುದು, ತನ್ನ ಪಾಪಗಳನ್ನು ಅರಿಯುವ ಕೃಪೆ ಬೇಡುವುದು, ದಿನದ ಲೆಕ್ಕ ನೋಡುವುದು, ಕ್ಷಮೆ ಯಾಚಿಸುವುದು, ತಿದ್ದಿಕೊಳ್ಳಲು ನಿಶ್ಚಯಿಸುವುದು. ಆರಂಭದಲ್ಲಿ ನಾನು ಮೊದಲ ಹಂತವನ್ನು ಅವಸರದಲ್ಲಿ ದಾಟಿ ನೇರವಾಗಿ ತಪ್ಪುಗಳ ಎಣಿಕೆಗೆ ಇಳಿಯುತ್ತಿದ್ದೆ, ಹೀಗಾಗಿ ಪ್ರತಿ ರಾತ್ರಿಯೂ ಕುಗ್ಗಿ ಮಲಗುತ್ತಿದ್ದೆ. ಕೃತಜ್ಞತೆಗೇ ಅರ್ಧ ಹೊತ್ತು ಕೊಡತೊಡಗಿದ ಮೇಲೆ ದಿನದಲ್ಲಿ ದೇವರು ನಡೆದ ದಾರಿ ಕಾಣಿಸತೊಡಗಿತು. ಹದಿನೈದೇ ನಿಮಿಷ ಸಾಕಾಗುವ ಈ ಕ್ರಮವನ್ನು, ಕೀರ್ತನೆಗಳ ಜೊತೆಗೆ, ಯಾರಿಗಾದರೂ ಮೊದಲು ಸೂಚಿಸುತ್ತೇನೆ; ಉಳಿದ ಯಾವುದೂ ನನ್ನ ಹಗಲಿನ ನಡತೆಯನ್ನು ಇಷ್ಟು ಬೇಗ ತಟ್ಟಲಿಲ್ಲ. ಒಂದು ರಾತ್ರಿ ದಿನವನ್ನು ಹಿಂದಿರುಗಿ ನೋಡುವಾಗ, ಮಧ್ಯಾಹ್ನ ಅಕ್ಕ ಏನೋ ಹೇಳುತ್ತಿರುವಾಗಲೇ ಕೆಲಸದ ನೆಪ ಹೇಳಿ ಫೋನ್ ಇಟ್ಟದ್ದು ನೆನಪಾಯಿತು. ಅವಳ ಧ್ವನಿ ಎಂದಿನಂತಿರಲಿಲ್ಲವೆಂಬುದು ಆಗ ನನ್ನ ಕಿವಿಗೆ ಬಿದ್ದಿರಲಿಲ್ಲ, ರಾತ್ರಿಯ ಮೌನದಲ್ಲಿ ಬಿತ್ತು. ಮರುದಿನ ಬೆಳಿಗ್ಗೆ ಕೀರ್ತನೆಗಳ ಪುಸ್ತಕ ತೆರೆಯುವ ಮೊದಲು ಅವಳಿಗೆ ಫೋನ್ ಮಾಡಿದೆ.