ಬಾಟ್ ಮಾತು ನಿಲ್ಲಿಸಿತೆಂದು ಟೋಕನ್ ಕೊಟ್ಟೆ, ಹುಡುಗರ ಹಣ ಹೋಯಿತು

ಟೆಲಿಗ್ರಾಂನಲ್ಲಿ ಬಾಟ್, ಅಂದರೆ ಸಂದೇಶಗಳಿಗೆ ತಾನೇ ಉತ್ತರ ಕೊಡುವ ಯಂತ್ರಖಾತೆ, ಇಟ್ಟುಕೊಂಡು ಸಣ್ಣಪುಟ್ಟ ವ್ಯವಹಾರ ನಡೆಸುವವರು ದಯವಿಟ್ಟು ಇದನ್ನು ಓದಿ. ಬಾಟ್ ಉತ್ತರ ಕೊಡುವುದನ್ನು ನಿಲ್ಲಿಸಿದಾಗ, ಸರಿಮಾಡಿಕೊಡುತ್ತೇನೆಂದು ಬಂದವರು ಯಾರೇ ಆಗಿರಲಿ, ಅದರ ಟೋಕನ್, ಅಂದರೆ ಬಾಟನ್ನು ನಡೆಸುವ ಗುಪ್ತ ಸಂಕೇತ, ಮಾತ್ರ ಕೊಡಬೇಡಿ. ನಾನು ಕೊಟ್ಟೆ. ಹನ್ನೊಂದು ಹುಡುಗರ 27,500 ರೂಪಾಯಿ ಒಂದೇ ರಾತ್ರಿ ಹೋಯಿತು.

ದಾವಣಗೆರೆಯ ವಿದ್ಯಾನಗರದಲ್ಲಿ ನಮ್ಮದೊಂದು ಖಾನಾವಳಿ. ತಿಂಗಳ ಲೆಕ್ಕದಲ್ಲಿ ಉಣ್ಣುವವರು ತೊಂಬತ್ತು ಜನ, ಹೆಚ್ಚಿನವರು ಕಾಲೇಜಿನ ಹುಡುಗರು. ಅನ್ನ ಕಡಿಮೆ ಬಿದ್ದರೆ ಇನ್ನೊಂದು ಕುಕ್ಕರ್ ಇಡಬಹುದು, ಜೋಳದ ರೊಟ್ಟಿಗೆ ಆ ಅನುಕೂಲವಿಲ್ಲ. ಬಡಿಯುವ ಕೈಗಳು ಇರುವಷ್ಟೇ. ಹೀಗಾಗಿ ಬೆಳಿಗ್ಗೆ ಹತ್ತರೊಳಗೆ ಎಷ್ಟು ಜನ ಎಂಬುದು ಗೊತ್ತಾಗಲೇಬೇಕು. ಮೊದಲು ಬಾಗಿಲಲ್ಲಿ ಸ್ಲೇಟು ನೇತುಹಾಕಿ ಹೆಸರು ಬರೆಸಿಕೊಳ್ಳುತ್ತಿದ್ದೆವು. ಹೋದ ವರ್ಷ ಅಕ್ಕನ ಮಗ ಒಂದು ಬಾಟ್ ಮಾಡಿಕೊಟ್ಟ. ಎಂಟು ಗಂಟೆಗೆ ಅದು ಪ್ರತಿಯೊಬ್ಬನಿಗೂ ‘ಮಧ್ಯಾಹ್ನ ಊಟ?’ ಎಂದು ಕೇಳುತ್ತದೆ. ಕೆಳಗೆ ಎರಡು ಗುಂಡಿ: ಬೇಕು, ಬೇಡ. ಹತ್ತಕ್ಕೆ ನನ್ನ ಮೊಬೈಲಿಗೆ ಲೆಕ್ಕ ಬರುತ್ತದೆ. ವರ್ಷವಿಡೀ ಒಂದು ದಿನವೂ ತಪ್ಪಿರಲಿಲ್ಲ. ಸ್ಲೇಟು ಅಟ್ಟಕ್ಕೆ ಹೋಯಿತು.

ಆ ಸೋಮವಾರ ಪ್ರಶ್ನೆ ಎಂದಿನಂತೆ ಎಂಟಕ್ಕೆ ಹೋಯಿತು. ಹುಡುಗರು ಗುಂಡಿ ಒತ್ತಿದರು. ಗುಂಡಿ ಸ್ವಲ್ಪ ಹೊತ್ತು ಮಿನುಗಿ ಸುಮ್ಮನಾಗುತ್ತಿತ್ತು, ‘ದಾಖಲಾಗಿದೆ’ ಎಂಬ ಉತ್ತರ ಬರುತ್ತಿರಲಿಲ್ಲ. ಹತ್ತಕ್ಕೆ ನನಗೆ ಬಂದ ಲೆಕ್ಕ ಸೊನ್ನೆ. ತೊಂಬತ್ತು ಜನಕ್ಕೂ ಆಗುವಷ್ಟು ರೊಟ್ಟಿ ಮಾಡಿಸಿದೆವು, ಸಂಜೆಗೆ ಎರಡು ಬುಟ್ಟಿ ಉಳಿದವು. ಮೊಬೈಲ್ ಆರಿಸಿ ಹಚ್ಚಿದೆ, ಆ್ಯಪ್ ತೆಗೆದು ಮತ್ತೆ ಹಾಕಿದೆ, ಸ್ಟಾರ್ಟ್ ಸ್ಟಾರ್ಟ್ ಎಂದು ಇಪ್ಪತ್ತು ಸಲ ಕಳುಹಿಸಿದೆ. ಬಾಟಿನ ಕ್ರಮವಿಧಿ (ಪ್ರೋಗ್ರಾಂ) ಓಡುವುದು ಬೇರೆಲ್ಲೋ ಇರುವ ಸರ್ವರ್‌ನಲ್ಲಿ. ನನ್ನ ಮೊಬೈಲನ್ನು ಎಷ್ಟು ತಿಕ್ಕಿದರೂ ಅದಕ್ಕೇನು? ಈ ಬುದ್ಧಿ ಆಗ ಇರಲಿಲ್ಲ. ಅಕ್ಕನ ಮಗ ಬೆಂಗಳೂರಿನಲ್ಲಿ ಹೊಸ ಕೆಲಸಕ್ಕೆ ಸೇರಿದ್ದ, ಫೋನ್ ಎತ್ತಲಿಲ್ಲ.

ಮಂಗಳವಾರವೂ ಅದೇ ಕಥೆ. ಬಾಟ್ ಮಾಡುವವರ ಗುಂಪೊಂದರಲ್ಲಿ ನನ್ನ ಕಷ್ಟ ಬರೆದುಕೊಂಡೆ. ಐದು ನಿಮಿಷದಲ್ಲಿ ಒಬ್ಬರು ಖಾಸಗಿಯಾಗಿ ಮಾತಿಗೆ ಬಂದರು. ಚಿತ್ರದಲ್ಲಿ ಕಾಗದದ ವಿಮಾನ, ಹೆಸರಿನಲ್ಲಿ ‘ಸಪೋರ್ಟ್’. ಬಹಳ ವಿನಯ. ‘ಸರ್, ನಿಮ್ಮ ಬಾಟ್ ಸರ್ವರ್ ಕಡೆಯಿಂದ ಸಿಕ್ಕಿಹಾಕಿಕೊಂಡಿದೆ, ಟೋಕನ್ ಕಳುಹಿಸಿದರೆ ರಿಫ್ರೆಶ್ ಮಾಡುತ್ತೇವೆ, ಉಚಿತ ಸೇವೆ’ ಎಂದರು. ಹಣ ಕೇಳಿದ್ದರೆ ಅನುಮಾನ ಬರುತ್ತಿತ್ತು. ಕೇಳಲಿಲ್ಲ ನೋಡಿ, ಅಲ್ಲಿಯೇ ನಾನು ಸೋತದ್ದು. ಒಂದಷ್ಟು ಅಂಕಿ, ನಡುವೆ ಎರಡು ಚುಕ್ಕೆ, ಆಮೇಲೆ ತಲೆಬುಡವಿಲ್ಲದ ಅಕ್ಷರಗಳ ಸಾಲು. ಇದರಿಂದ ಯಾರಿಗೆ ಏನಾದೀತು ಎಂದುಕೊಂಡು ಕಳುಹಿಸಿಬಿಟ್ಟೆ.

ಅರ್ಧ ಗಂಟೆಯಲ್ಲಿ ಬಾಟ್ ಮಾತನಾಡಿತು. ಗುಂಡಿ ಒತ್ತಿದವರಿಗೆಲ್ಲ ‘ದಾಖಲಾಗಿದೆ’ ಎಂದು ಉತ್ತರ. ನಾನು ಆ ಪುಣ್ಯಾತ್ಮನಿಗೆ ಕೈಮುಗಿಯುವ ಚಿತ್ರ ಕಳುಹಿಸಿದೆ, ನಮ್ಮ ಮನೆಯವರನ್ನು ಕರೆದು ತೋರಿಸಿದೆ. ನನಗೆ ಬರಬೇಕಾದ ಲೆಕ್ಕ ಮಾತ್ರ ಬರಲಿಲ್ಲ. ಬೆಳಿಗ್ಗೆ ಬರಬಹುದೆಂದು ಸಮಾಧಾನ ಮಾಡಿಕೊಂಡೆ.

ರಾತ್ರಿ ಒಂಬತ್ತಕ್ಕೆ ಹುಡುಗರಿಗೆ ಬಾಟಿನಿಂದ ಸಂದೇಶ ಹೋಯಿತು. ಮುಂದಿನ ತಿಂಗಳ ‘ಭೋಜನ ಶುಲ್ಕ’ ಇಂದೇ ಕಟ್ಟಿದರೆ 2,800ರ ಬದಲು 2,500 ರೂಪಾಯಿ ಸಾಕು, ಈ ಕ್ಯೂಆರ್ ಕೋಡ್‌ಗೆ ಕಳುಹಿಸಿ. ನಮ್ಮ ಖಾನಾವಳಿಯಲ್ಲಿ ಇಂದಿನವರೆಗೆ ಯಾರೂ ‘ಭೋಜನ’ ಎಂದವರಿಲ್ಲ. ಆದರೆ ಸಂದೇಶ ಬಂದದ್ದು ದಿನಾ ಊಟ ಕೇಳುವ ಅದೇ ಬಾಟಿನಿಂದ, ಅದೇ ಹೆಸರು, ಅದೇ ರೊಟ್ಟಿಯ ಚಿತ್ರ. ಹುಡುಗರ ತಪ್ಪು ಏನಿದೆ? ಹನ್ನೊಂದು ಜನ ಕಟ್ಟಿದರು. ಹನ್ನೆರಡನೆಯವನು, ಹರಿಹರದ ಹುಡುಗ, ‘ಅಂಕಲ್, ಭೋಜನ ಎಂದರೆ ಹೋಳಿಗೆಯೂ ಇರುತ್ತದೆಯೇ?’ ಎಂದು ತಮಾಷೆಗೆ ಫೋನ್ ಮಾಡಿದ್ದರಿಂದ ನನಗೆ ಗೊತ್ತಾಯಿತು.

ಆ ಹೊತ್ತಿಗೆ ಅಕ್ಕನ ಮಗ ಫೋನ್ ಎತ್ತಿದ. ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. ‘ಮಾಮ, ಬೇರೆ ಮಾತು ಬೇಡ, ಮೊದಲು ಬಾಟ್‌ಫಾದರ್ ತೆರೆದು ರಿವೋಕ್ ಮಾಡು’ ಎಂದ. ಬಾಟ್‌ಫಾದರ್ ಎಂಬುದು ಟೆಲಿಗ್ರಾಂನವರದೇ ಬಾಟ್, ಹೆಸರಿನ ಪಕ್ಕ ನೀಲಿ ಗುರುತು ಇರುತ್ತದೆ. ಅಲ್ಲಿ ರಿವೋಕ್ ಆಜ್ಞೆ ಕೊಟ್ಟು ನಮ್ಮ ಬಾಟನ್ನು ಆರಿಸಿದರೆ ಹಳೆಯ ಟೋಕನ್ ಸತ್ತು ಹೊಸದು ಹುಟ್ಟುತ್ತದೆ. ಒಂದು ನಿಮಿಷದ ಕೆಲಸ. ಟೋಕನ್ ಹೊರಗೆ ಹೋಗಿದೆಯೆಂಬ ಅನುಮಾನ ಬಂದರೂ ಸಾಕು, ಪೊಲೀಸರಿಗೆ ಫೋನ್ ಮಾಡುವ ಮುಂಚೆಯೇ ಇದನ್ನು ಮಾಡಿ.

ಟೋಕನ್ ಎಂದರೆ ಬಾಟಿನ ಗುರುತಿನ ಸಂಖ್ಯೆ ಎಂದುಕೊಂಡಿದ್ದೆ. ಅದು ಬೀಗದ ಕೈ. ಅದು ಯಾರ ಬಳಿ ಇದೆಯೋ ಬಾಟ್ ಅವರ ಮಾತು ಕೇಳುತ್ತದೆ, ಪಾಸ್‌ವರ್ಡ್ ಇಲ್ಲ, ಒಟಿಪಿ ಇಲ್ಲ. ಬಾಟ್ ಬಳಸುವವರ ಹೆಸರಿನ ಪಟ್ಟಿ ಟೋಕನ್ ಒಂದರಿಂದಲೇ ಸಿಗುವುದಿಲ್ಲವಂತೆ. ಆದರೆ ಬಾಟ್ ಎತ್ತಿಕೊಳ್ಳದೆ ಉಳಿದ ಸಂದೇಶಗಳನ್ನು ಟೆಲಿಗ್ರಾಂ 24 ಗಂಟೆಯವರೆಗೆ ಸಾಲಿನಲ್ಲಿ ಇಟ್ಟಿರುತ್ತದೆ. ಬೆಳಗಿನಿಂದ ಹುಡುಗರು ಒತ್ತಿದ್ದ ಗುಂಡಿಗಳೆಲ್ಲ ಆ ಸಾಲಿನಲ್ಲಿದ್ದವು, ಟೋಕನ್ ಸಿಕ್ಕೊಡನೆ ಆ ಸಾಲೇ ಆ ‘ಸಪೋರ್ಟ್’ ಎಂದವನ ಕೈಗೆ ಬಿತ್ತು. ಊರಿಗೆ ಹೋಗಿದ್ದು ಗುಂಡಿ ಮುಟ್ಟದ ಹುಡುಗರಿಗೆ ಆ ರಾತ್ರಿಯ ಸಂದೇಶ ಬರಲೇ ಇಲ್ಲ.

ಇಷ್ಟಕ್ಕೂ ಬಾಟಿಗೆ ಆಗಿದ್ದ ರೋಗವೇನು? ಭಾನುವಾರ ರಾತ್ರಿ ಅಕ್ಕನ ಮಗ ಏನೋ ಹೊಸದನ್ನು ಪರೀಕ್ಷಿಸಲು ಬಾಟಿಗೆ ವೆಬ್‌ಹುಕ್ ಹಾಕಿದ್ದ, ಅಂದರೆ ಬಂದ ಸಂದೇಶಗಳನ್ನೆಲ್ಲ ತನ್ನ ಲ್ಯಾಪ್‌ಟಾಪಿಗೆ ತಂದು ಹಾಕು ಎಂದು ವಿಳಾಸ ಕೊಟ್ಟಿದ್ದ. ಆಮೇಲೆ ಲ್ಯಾಪ್‌ಟಾಪ್ ಮುಚ್ಚಿ ಬಸ್ ಹತ್ತಿದ. ವಿಳಾಸ ತೆಗೆಯಲು ಮರೆತ. ನಮ್ಮ ಸರ್ವರ್‌ನಲ್ಲಿದ್ದ ಕ್ರಮವಿಧಿ ಮಾತ್ರ ಹಳೆಯ ಪದ್ಧತಿಯಂತೆ ‘ಸಂದೇಶ ಬಂದಿದೆಯೇ’ ಎಂದು ತಾನೇ ಹೋಗಿ ಕೇಳುತ್ತಿತ್ತು. ಈ ಎರಡು ದಾರಿ ಒಟ್ಟಿಗೆ ನಡೆಯುವುದಿಲ್ಲ. ವೆಬ್‌ಹುಕ್ ಇರುವವರೆಗೆ ಕೇಳಲು ಹೋದವರಿಗೆ 409 ಎಂಬ ದೋಷಸಂಖ್ಯೆ ಸಿಗುತ್ತದೆ. ಸರ್ವರ್‌ನ ದಾಖಲೆಯಲ್ಲಿ ಭಾನುವಾರ ರಾತ್ರಿಯಿಂದ ಆ 409 ಸಾಲುಸಾಲಾಗಿ ಬಿದ್ದಿತ್ತು. ಕಳುಹಿಸುವುದಕ್ಕೆ ಅಡ್ಡಿಯಿರಲಿಲ್ಲ, ಅದಕ್ಕೇ ಪ್ರಶ್ನೆ ಎಂಟಕ್ಕೆ ಸರಿಯಾಗಿ ಹೋಗುತ್ತಿತ್ತು. ಬಾಯಿ ಇತ್ತು, ಕಿವಿ ಹೋಗಿತ್ತು.

ನಿಮ್ಮ ಬಾಟಿಗೂ ಹೀಗಾದರೆ ಬ್ರೌಸರ್‌ನಲ್ಲಿ ನೀವೇ ನೋಡಬಹುದು. ಬಾಟ್‌ಗಳಿಗೆಂದು ಇರುವ ಟೆಲಿಗ್ರಾಂನ ಎಪಿಐ ವಿಳಾಸ (https://api.telegram.org), ಓರೆಗೆರೆ, ‘ಬಾಟ್’ ಎಂಬ ಪದಕ್ಕೆ ಅಂಟಿಸಿ ಟೋಕನ್, ಮತ್ತೆ ಓರೆಗೆರೆ ಹಾಕಿ ‘ಗೆಟ್‌ವೆಬ್‌ಹುಕ್‌ಇನ್ಫೊ’ ಎಂದು ಇಂಗ್ಲಿಷಿನಲ್ಲಿ ಹೊಡೆದರೆ, ಯಾವ ವಿಳಾಸ ಹಾಕಿದೆ, ಎಷ್ಟು ಸಂದೇಶ ಬಾಕಿ ನಿಂತಿವೆ, ಕೊನೆಯ ದೋಷ ಯಾವುದು ಎಲ್ಲ ತೋರಿಸುತ್ತದೆ. ಕೊನೆಯ ಪದದ ಬದಲು ‘ಡಿಲೀಟ್‌ವೆಬ್‌ಹುಕ್’ ಎಂದರೆ ವಿಳಾಸ ಅಳಿಸಿಹೋಗುತ್ತದೆ. ನನ್ನ ಬಾಟಿಗೆ ಬೇಕಿದ್ದ ಔಷಧ ಇಷ್ಟೇ. ಇದನ್ನು ಸೈಬರ್ ಕೆಫೆಯ ಕಂಪ್ಯೂಟರಿನಲ್ಲಿ ಮಾಡಬೇಡಿ, ಬ್ರೌಸರ್‌ನ ಇತಿಹಾಸದಲ್ಲಿ ಟೋಕನ್ ಉಳಿದುಬಿಡುತ್ತದೆ. ಗುಂಪಿನಲ್ಲಿ ಮಾತ್ರ ಉತ್ತರಿಸದಿದ್ದರೆ ಅದು ಬೇರೆ ಕಾಯಿಲೆ: ಬಾಟಿನ ಪ್ರೈವೆಸಿ ಮೋಡ್ ಚಾಲೂ ಇದ್ದರೆ ಗುಂಪಿನ ಸಾಮಾನ್ಯ ಮಾತುಗಳು ಅದಕ್ಕೆ ಕೇಳಿಸುವುದೇ ಇಲ್ಲ. ಬಾಟ್‌ಫಾದರ್‌ನಲ್ಲಿ ಅದನ್ನು ಬದಲಿಸಿ, ಬಾಟನ್ನು ಗುಂಪಿನಿಂದ ತೆಗೆದು ಮತ್ತೆ ಸೇರಿಸಬೇಕು. ಒಬ್ಬನಿಗೆ ಮಾತ್ರ ಸಂದೇಶ ಹೋಗದಿದ್ದರೆ ಅವನು ಬ್ಲಾಕ್ ಮಾಡಿರುತ್ತಾನೆ ಅಥವಾ ಸ್ಟಾರ್ಟ್ ಒತ್ತಿರುವುದೇ ಇಲ್ಲ.

ಹಣ ಕಟ್ಟಿದವರಲ್ಲಿ ಒಬ್ಬ ಹುಡುಗ ಗಂಟೆಯೊಳಗೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ದ. ಅವನ 2,500 ರೂಪಾಯಿಯನ್ನು ಎದುರು ಖಾತೆಯಲ್ಲಿ ತಡೆಹಿಡಿದಿದ್ದಾರೆ, ಕೈಗೆ ಬರುವುದು ಇನ್ನೂ ಬಾಕಿ. ಉಳಿದವರು ಬೆಳಿಗ್ಗೆ ಮಾಡಿದರು, ಅಷ್ಟರಲ್ಲಿ ಆ ಖಾತೆ ಖಾಲಿ. ದೂರು ಕೊಟ್ಟಾಯಿತು. ‘ಸಪೋರ್ಟ್’ ತನ್ನ ಕಡೆಯಿಂದ ಮಾತುಕತೆಯನ್ನೆಲ್ಲ ಅಳಿಸಿ ಹೋಗಿದ್ದ. ನನ್ನ ಮೊಬೈಲಿನಲ್ಲೂ ಏನೂ ಉಳಿಯಲಿಲ್ಲ. ಟೆಲಿಗ್ರಾಂನ ಖಾಸಗಿ ಮಾತುಕತೆಯಲ್ಲಿ ಒಬ್ಬರು ಎರಡೂ ಕಡೆ ಅಳಿಸಬಹುದು, ಆದ್ದರಿಂದ ಪರದೆಯ ಚಿತ್ರಗಳನ್ನು ಆಗಲೇ ತೆಗೆದಿಟ್ಟುಕೊಳ್ಳಿ.

ಹನ್ನೊಂದು ಜನರಿಗೂ ಮುಂದಿನ ತಿಂಗಳ ಊಟ ನನ್ನ ಲೆಕ್ಕದಲ್ಲಿ ಎಂದು ಹೇಳಿದೆ. ಇಬ್ಬರು ಆದರೂ ಬೇರೆ ಮೆಸ್ಸಿಗೆ ಹೋದರು. ಅಟ್ಟದಿಂದ ಸ್ಲೇಟು ಇಳಿಸಿ, ‘ನಮ್ಮ ಬಾಟ್ ಹಣ ಕೇಳುವುದಿಲ್ಲ’ ಎಂದು ಬರೆದು ಬಾಗಿಲಲ್ಲಿ ತೂಗುಹಾಕಿದ್ದೇನೆ. ಅದರ ಕೆಳಗೆ ಯಾರೋ ಸೀಮೆಸುಣ್ಣದಲ್ಲಿ ಸೇರಿಸಿದ್ದಾರೆ: ‘ಭೋಜನ ಇಲ್ಲ, ಊಟ ಇದೆ.’