ಲಿಥಿಯಂ ಬ್ಯಾಟರಿಗೆ ಹಾಕಿದ ಶಂಟ್ ಮಾನಿಟರ್: ಮಿಕ್ಸಿಯ ಲೆಕ್ಕ ಹಿಡಿಯಿತು, ಪುಟ್ಟ ಹಸಿರು ದೀಪದ ಲೆಕ್ಕ ಬಿಟ್ಟಿತು

ಕಾರಿನ ಹಿಂದೆ ಎಳೆದುಕೊಂಡು ಹೋಗಿ ಒಳಗೇ ಅಡುಗೆ, ನಿದ್ದೆ ಎಲ್ಲ ಮಾಡುವ ಟ್ರೈಲರ್ ಇದೆಯಲ್ಲ, ಅದಕ್ಕೆ ಲಿಥಿಯಂ ಬ್ಯಾಟರಿ ಹಾಕಿಸಿದ ಮೇಲೆ ಬಾಗಿಲ ಪಕ್ಕದ ನಾಲ್ಕು ದೀಪದ ಪ್ಯಾನೆಲ್ ಕಡೆ ನೋಡುವುದನ್ನೇ ಬಿಡಬೇಕು. ಗುಂಡಿ ಒತ್ತಿದರೆ ಫುಲ್, ಗುಡ್, ಫೇರ್, ಲೋ ಅಂತ ದೀಪ ಹತ್ತುತ್ತದಲ್ಲ, ಅದು. ಅದನ್ನು ಮಾಡಿರುವುದು ಆ್ಯಸಿಡ್ ಬ್ಯಾಟರಿಗೆ. ಊರಲ್ಲಿ ಇನ್ವರ್ಟರ್‌ಗೆ ಡಿಸ್ಟಿಲ್ಡ್ ವಾಟರ್ ಹಾಕುತ್ತೇವಲ್ಲ, ಆ ಜಾತಿಯದು. ತುಂಬಿದ್ದಾಗ 12.7 ವೋಲ್ಟ್, ಅರ್ಧಕ್ಕೆ ಇಳಿದಾಗ 12.2ರ ಆಸುಪಾಸು. ವೋಲ್ಟ್ ನೋಡಿಯೇ ಎಷ್ಟು ಉಳಿದಿದೆ ಅಂತ ಹೇಳಬಹುದು. ಟ್ರೈಲರ್‌ಗೆ ಹಾಕುವ ಲಿಥಿಯಂ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್, ಹಾಗಲ್ಲ. 90 ಪರ್ಸೆಂಟ್ ಇದ್ದಾಗ ಸುಮಾರು 13.3 ವೋಲ್ಟ್, 30ಕ್ಕೆ ಇಳಿದಾಗಲೂ 13ರ ಹತ್ತಿರವೇ. ಫುಲ್ ದೀಪ ಕೊನೆಯ ತನಕ ಉರಿಯುತ್ತಲೇ ಇರುತ್ತದೆ. ಆಮೇಲೆ ಒಂದೇ ಸಲಕ್ಕೆ ಎಲ್ಲ ಕತ್ತಲು.

ಅದಕ್ಕೇ ಶಂಟ್ ಇರುವ ಮಾನಿಟರ್ ತಗೊಂಡೆ. ಬೆಲೆ ನೂರು ಡಾಲರ್ ಚಿಲ್ಲರೆ. 100 ಆಂಪ್-ಅವರ್ (ಒಂದು ಆಂಪ್ ಕರೆಂಟನ್ನು ನೂರು ಗಂಟೆ ಕೊಡುವಷ್ಟು) ಬ್ಯಾಟರಿ ಕೊಳ್ಳುವಷ್ಟರಲ್ಲಿ ಬಜೆಟ್ ಮುಗಿದೇ ಹೋಗಿತ್ತು, ಹಾಗಾಗಿ ಗೋಡೆಗೆ ಕೂರಿಸುವ ಸ್ಕ್ರೀನ್ ಬೇಡ ಅಂತ ಬ್ಲೂಟೂತ್‌ನಲ್ಲಿ ಫೋನಿಗೆ ತೋರಿಸುವುದನ್ನೇ ಆರಿಸಿದೆ. ಕಂಪನಿ ಹೆಸರು ಬೇಕು ಅಂತಲೇ ಬರೆಯುತ್ತಿಲ್ಲ. ಯಾವ ಕಂಪನಿಯದು ತಗೊಂಡರೂ ಕೆಳಗೆ ಬರೆದ ಸೆಟ್ಟಿಂಗ್‌ಗಳನ್ನು ಒಮ್ಮೆ ತೆರೆದು ನೋಡಿ, ನನಗೆ ಅಷ್ಟು ಸಾಕು.

ಶಂಟ್ ಅಂದರೆ ನೆಗೆಟಿವ್ ಕೇಬಲ್‌ನ ದಾರಿಯಲ್ಲಿ ಕೂರುವ ಒಂದು ಲೋಹದ ತುಂಡು. ಹೋಗುವ, ಬರುವ ಕರೆಂಟ್ ಎಲ್ಲ ಅದರ ಮೂಲಕವೇ ಹಾಯಬೇಕು. ನಮ್ಮದರಲ್ಲಿ 500 ಆಂಪ್ ಹರಿದರೆ ಅದರ ಎರಡು ತುದಿಯ ನಡುವೆ 50 ಮಿಲಿವೋಲ್ಟ್ ವ್ಯತ್ಯಾಸ ಬರುತ್ತದೆ. ಆ ಸಣ್ಣ ವ್ಯತ್ಯಾಸ ಅಳೆದು ಎಷ್ಟು ಒಳಗೆ ಬಂತು, ಎಷ್ಟು ಹೊರಗೆ ಹೋಯಿತು ಅಂತ ಕೂಡಿ ಕಳೆಯುತ್ತಾ ಹೋಗುತ್ತದೆ. ಅಂದರೆ ಬ್ಯಾಟರಿಯ ಒಳಗೆ ಏನಿದೆ ಅಂತ ಅದು ನೋಡುವುದೇ ಇಲ್ಲ. ಮನೆ ಮೇಲಿನ ನೀರಿನ ಟ್ಯಾಂಕ್‌ನ ಮುಚ್ಚಳ ತೆಗೆಯದೆ, ಪೈಪಿನ ಮೀಟರ್ ಮಾತ್ರ ನೋಡಿ ನೀರು ಎಷ್ಟಿದೆ ಅಂತ ಹೇಳಿದ ಹಾಗೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕೂರಿಸುವಾಗ ಒಂದೇ ಎಚ್ಚರಿಕೆ. ಬ್ಯಾಟರಿಯ ನೆಗೆಟಿವ್ ಮೊಳೆಗೆ ಶಂಟ್ ಬಿಟ್ಟು ಬೇರೆ ಒಂದು ತಂತಿಯೂ ಇರಬಾರದು. ಸೋಲಾರ್, ಇನ್ವರ್ಟರ್, ಟ್ರೈಲರ್ ಬಾಡಿಯ ತಂತಿ, ಎಲ್ಲವೂ ಶಂಟ್‌ನ ಆಚೆ ಬದಿಗೆ. ಒಂದು ತಪ್ಪಿಸಿಕೊಂಡರೂ ಅದರ ಲೆಕ್ಕ ಸಿಗುವುದಿಲ್ಲ.

ಆಮೇಲೆ ಶುರುವಾಯಿತು ನೋಡಿ ಖುಷಿ. ನಮ್ಮ ಮನೆ ಅಮೆರಿಕದ ಅರಿಜೋನಾದ ಫೀನಿಕ್ಸ್‌ನಲ್ಲಿ. ಬೇಸಿಗೆಯಲ್ಲಿ ಇಲ್ಲಿ 45 ಡಿಗ್ರಿ ದಾಟುತ್ತದೆ. ರಜೆ ಸಿಕ್ಕಾಗಲೆಲ್ಲ ಟ್ರೈಲರ್ ಸಿಕ್ಕಿಸಿಕೊಂಡು ಫ್ಲ್ಯಾಗ್‌ಸ್ಟಾಫ್ ಕಡೆ ಗುಡ್ಡ ಹತ್ತುತ್ತೇವೆ. ಕೊಕೊನಿನೊ ಕಾಡಿನಲ್ಲಿ ದುಡ್ಡು ಕೊಡದೆ ನಿಲ್ಲಿಸಬಹುದಾದ ಜಾಗಗಳಿವೆ, ಆದರೆ ಕರೆಂಟ್ ಇಲ್ಲ, ನಲ್ಲಿ ಇಲ್ಲ. ಇರುವ ಬ್ಯಾಟರಿಯಲ್ಲೇ ಸಂಸಾರ. ಅಲ್ಲಿ ಮಲಗುವ ಮುಂಚೆ ಒಂದು ಸಲ ಫೋನ್ ತೆರೆದು ಪರ್ಸೆಂಟ್ ನೋಡುತ್ತೇನೆ. ಬೆಳಿಗ್ಗೆ ಡಿಕಾಕ್ಷನ್ ಇಳಿಯಲು ಇಟ್ಟು, ಅದು ತೊಟ್ಟಿಕ್ಕುವಷ್ಟರಲ್ಲಿ ಇನ್ನೊಂದು ಸಲ ನೋಡುತ್ತೇನೆ. ರಾತ್ರಿ 84, ಬೆಳಿಗ್ಗೆ 73. ಆ 11 ಹೋದದ್ದು ಫ್ರಿಜ್‌ಗೆ. ಹೀಟರ್ ಫ್ಯಾನ್ ಓಡಿದ ರಾತ್ರಿ 25 ದಾಟುತ್ತದೆ. ಗ್ಯಾಸ್ ಹೀಟರ್ ತಾನೇ, ಕರೆಂಟ್ ಎಲ್ಲಿ ತಿನ್ನುತ್ತೆ ಅಂತ ನಮ್ಮ ಮನೆಯವರು ವಾದ ಮಾಡುತ್ತಿದ್ದರು. ಫ್ಯಾನ್ ಶುರುವಾದ ಕ್ಷಣಕ್ಕೆ ಫೋನಿನಲ್ಲಿ ಮೈನಸ್ 3 ಆಂಪ್ ಮೇಲೆ ಏರಿದ್ದು ತೋರಿಸಿದೆ, ವಾದ ಅಲ್ಲಿಗೆ ಮುಗಿಯಿತು.

ಎಲ್ಲಕ್ಕಿಂತ ದೊಡ್ಡ ಸಂತೋಷ ಮಿಕ್ಸಿಯದು. ಮಿಕ್ಸಿ ಹಾಕಿದರೆ ಬ್ಯಾಟರಿ ಬರಿದಾಗುತ್ತದೆ ಅಂತ ಅದನ್ನು ಮನೆಯಲ್ಲೇ ಬಿಟ್ಟು, ಅಂಗಡಿ ಚಟ್ನಿಪುಡಿಯಲ್ಲಿ ದೋಸೆ ತಿನ್ನುತ್ತಿದ್ದೆವು. ಅಮ್ಮ ಹಾಸನದಿಂದ ಬಂದಾಗ ಬಿಡಲಿಲ್ಲ. ತೆಂಗಿನಕಾಯಿ, ಹುರಿಗಡಲೆ, ಹಸಿಮೆಣಸು ಹಾಕಿ, ಮುಚ್ಚಳ ಒತ್ತಿ ಹಿಡಿದು ಗುಂಡಿ ತಿರುಗಿಸಿದರು. ಪುಟ್ಟ ಟ್ರೈಲರ್, ತಗಡಿನ ಗೋಡೆ ಎಲ್ಲ ನಡುಗಿತು. ಫೋನಿನಲ್ಲಿ ಮೈನಸ್ 43 ಆಂಪ್.

"ಅಲ್ಲ ಕಣೇ, ಇಷ್ಟು ಸದ್ದು ಮಾಡ್ತಲ್ಲ, ಕರೆಂಟೆಲ್ಲ ಖಾಲಿ ಆಗೋಯ್ತಾ?"

"ಇಲ್ಲಮ್ಮ, ನೋಡು, ಒಂದು ಪರ್ಸೆಂಟೂ ಇಳಿದಿಲ್ಲ."

ನಿಜವಾಗಿಯೂ ಇಳಿದಿರಲಿಲ್ಲ. 43 ಆಂಪ್ ದೊಡ್ಡದೇ, ಆದರೆ ಚಟ್ನಿಗೆ ಬೇಕಾದದ್ದು ಎಲ್ಲ ಸೇರಿ ಒಂದು ನಿಮಿಷ. ಲೆಕ್ಕ ಹಾಕಿದರೆ ಮುಕ್ಕಾಲು ಆಂಪ್-ಅವರ್ ಕೂಡ ಇಲ್ಲ. ಅನ್ನದ ಕುಕ್ಕರ್ ಸದ್ದೇ ಮಾಡುವುದಿಲ್ಲ, ಆದರೆ ಒಂದು ಸಲಕ್ಕೆ 11 ಆಂಪ್-ಅವರ್ ತಿನ್ನುತ್ತದೆ. ಅವತ್ತಿನಿಂದ ಅನ್ನ ಗ್ಯಾಸ್ ಮೇಲೆ, ಚಟ್ನಿ ಮಿಕ್ಸಿಯಲ್ಲಿ. ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಅಂತ ಈ ಮೀಟರ್ ಕಲಿಸಿತು. ಇಲ್ಲಿಗೆ ನಿಲ್ಲಿಸಿದ್ದರೆ ಐದಕ್ಕೆ ಐದು ಕೊಡುತ್ತಿದ್ದೆ.

ಮೊದಲ ಅನುಮಾನ ಬಂದದ್ದು ಪಾಂಡೆರೋಸಾ ಪೈನ್ ಮರಗಳ ನೆರಳಿನಲ್ಲಿ. ಬೆಳಿಗ್ಗೆ 71 ಇದ್ದದ್ದು, ಬಿಸಿಲು ಕೊಂಬೆಗಳ ಸಂದಿಯಲ್ಲಿ ಇಣುಕಿದ ಸ್ವಲ್ಪ ಹೊತ್ತಿಗೇ 100 ಆಯಿತು. ಸೋಲಾರ್‌ನಿಂದ ಬರುತ್ತಿದ್ದದ್ದು ಒಂದೂವರೆ ಆಂಪ್. ಅಷ್ಟರಲ್ಲಿ 29 ಪರ್ಸೆಂಟ್ ತುಂಬಲು ಸಾಧ್ಯವೇ ಇಲ್ಲ, ಅಲ್ವಾ?

ಕಾರಣ ಹೀಗೆ. ಕೂಡಿ ಕಳೆಯುವ ಲೆಕ್ಕದಲ್ಲಿ ದಿನಕ್ಕಿಷ್ಟು ತಪ್ಪು ಸೇರುತ್ತಲೇ ಇರುತ್ತದೆ. ಅದನ್ನು ಸರಿ ಮಾಡಲು ಬ್ಯಾಟರಿ ಪೂರ್ತಿ ತುಂಬಿದಾಗ ಮೀಟರ್ ತನ್ನನ್ನು 100ಕ್ಕೆ ತಂದುಕೊಳ್ಳುತ್ತದೆ. ತುಂಬಿತು ಅಂತ ತಿಳಿಯುವುದಕ್ಕೆ ಎರಡು ಗುರುತು: ವೋಲ್ಟ್ ಒಂದು ಮಟ್ಟದ ಮೇಲಿರಬೇಕು, ಒಳಗೆ ಹೋಗುವ ಕರೆಂಟ್ ಒಂದು ಮಟ್ಟದ ಕೆಳಗಿರಬೇಕು. ಇದು ಮೂರು ನಿಮಿಷ ಹಾಗೇ ಇದ್ದರೆ ಆಯಿತು. ನಮ್ಮದರಲ್ಲಿ ಕಾರ್ಖಾನೆಯಿಂದ ಬಂದ ವೋಲ್ಟ್ 13.2, ಕರೆಂಟ್ ಬ್ಯಾಟರಿ ಸಾಮರ್ಥ್ಯದ 4 ಪರ್ಸೆಂಟ್, ಅಂದರೆ ನಮ್ಮ 100ರದ್ದಕ್ಕೆ 4 ಆಂಪ್. ಆ್ಯಸಿಡ್ ಬ್ಯಾಟರಿಗೆ ಅದು ಸರಿ. ಲಿಥಿಯಂ ಮುಕ್ಕಾಲು ಭಾಗ ಇದ್ದರೂ ಸ್ವಲ್ಪ ಚಾರ್ಜ್ ಕೊಟ್ಟ ಕೂಡಲೇ 13.2 ದಾಟುತ್ತದೆ. ಮರದ ನೆರಳಿನಲ್ಲಿ ಕರೆಂಟ್ ಹೇಗೂ ಕಡಿಮೆ. ಎರಡೂ ಗುರುತು ಸಿಕ್ಕಿತು, 100 ಅಂದುಬಿಟ್ಟಿತು.

ಇದಕ್ಕೆ ಮದ್ದು ಸುಲಭ. ಚಾರ್ಜ್ಡ್ ವೋಲ್ಟೇಜ್ ಅನ್ನುವ ಜಾಗದಲ್ಲಿ 14.0 ಹಾಕಿದೆ. ನಮ್ಮ ಸೋಲಾರ್ ಚಾರ್ಜರ್ 14.2ರ ತನಕ ಏರಿಸುತ್ತದೆ, ಅದಕ್ಕಿಂತ 0.2 ಕಡಿಮೆ ಇದ್ದರೆ ಸಾಕು. ಪ್ಯೂಕರ್ಟ್ ಅನ್ನುವುದನ್ನು (ಜೋರಾಗಿ ಕರೆಂಟ್ ಎಳೆದರೆ ಬ್ಯಾಟರಿ ಎಷ್ಟು ಬೇಗ ಇಳಿಯುತ್ತದೆ ಅನ್ನುವ ಲೆಕ್ಕ) 1.25ರಿಂದ 1.05ಕ್ಕೆ, ಚಾರ್ಜ್ ಎಫಿಶಿಯೆನ್ಸಿಯನ್ನು (ಒಳಗೆ ಹಾಕಿದ್ದರಲ್ಲಿ ಎಷ್ಟು ವಾಪಸ್ ಸಿಗುತ್ತದೆ ಅನ್ನುವುದು) 99 ಪರ್ಸೆಂಟ್‌ಗೆ ತಂದೆ. ಸುಳ್ಳು 100 ನಿಂತಿತು. ಇಷ್ಟಕ್ಕೆ ನನಗೆ ಬೇಜಾರಿರಲಿಲ್ಲ.

ಸಿಟ್ಟು ಬಂದದ್ದು ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ.

ಟ್ರೈಲರ್ ಇಡಲು ಮನೆ ಹತ್ತಿರ ಜಾಗವಿಲ್ಲ, ಬಾಡಿಗೆಗೆ ಛಾವಣಿ ಇರುವ ಯಾರ್ಡ್‌ನಲ್ಲಿ ನಿಲ್ಲಿಸುತ್ತೇವೆ. ಅಲ್ಲಿ ಪ್ಯಾನೆಲ್‌ಗೆ ಬಿಸಿಲು ಬೀಳುವುದಿಲ್ಲ. ತಿಂಗಳ ಮೇಲೆ ನಿಂತಿತ್ತು. ಬಿಟ್ಟಾಗ 96, ತೆಗೆಯಲು ಹೋದಾಗಲೂ 96. ಬ್ಯಾಟರಿಯಿಂದ ಟ್ರೈಲರ್‌ಗೆ ಹೋಗುವ ಕರೆಂಟ್ ಕಡಿಯುವ ಡಿಸ್ಕನೆಕ್ಟ್ ಸ್ವಿಚ್ ಆಫ್ ಆಗಿತ್ತು, ಆಪ್‌ನಲ್ಲಿ ಕರೆಂಟ್ 0.00. ಎಷ್ಟು ಚೆನ್ನಾಗಿದೆ ಅಂದುಕೊಂಡು ಹೊರಟೆವು. ಅಕ್ಟೋಬರ್, ಮೇದರ್ ಕ್ಯಾಂಪ್‌ಗ್ರೌಂಡ್, ಕರೆಂಟ್ ಪಾಯಿಂಟ್ ಇಲ್ಲದ ಜಾಗ. ಸೌತ್ ರಿಮ್, ಅಂದರೆ ಕಣಿವೆಯ ದಕ್ಷಿಣದ ಅಂಚು, ಇರುವುದು 2,100 ಮೀಟರ್ ಎತ್ತರದಲ್ಲಿ, ರಾತ್ರಿ ನೀರು ಹೆಪ್ಪುಗಟ್ಟುವ ಚಳಿ. ಹೀಟರ್ ಹಾಕಿ ಮಲಗಿದೆವು. ಬೆಳಗಿನ ಜಾವ ಹೀಟರ್ ನಿಂತಿತು, ದೀಪ ಹತ್ತಲಿಲ್ಲ, ಪಂಪ್ ಇಲ್ಲ, ಫ್ರಿಜ್ ಇಲ್ಲ. ಬ್ಯಾಟರಿ ತೀರಾ ಬರಿದಾಗದಂತೆ ಕಾಯುವ ಸರ್ಕ್ಯೂಟ್, ಬಿಎಂಎಸ್ ಅನ್ನುತ್ತಾರೆ, ಎಲ್ಲವನ್ನೂ ಕಡಿದುಹಾಕಿತ್ತು. ಮಾನಿಟರ್ ಕೂಡ ಸತ್ತಿತ್ತು. ಫೋನ್ ಹಿಡಿದಿಟ್ಟುಕೊಂಡಿದ್ದ ಕೊನೆಯ ಸಂಖ್ಯೆ 78. ಅಮ್ಮನಿಗೆ ಇದ್ದ ಕಂಬಳಿ ಎಲ್ಲ ಹೊದಿಸಿ, ಮಗಳನ್ನು ಅವರ ಪಕ್ಕ ಮಲಗಿಸಿ, ಬೆಳಕಾಗುವುದನ್ನು ಕಾದೆವು.

ಬೆಳಿಗ್ಗೆ ಕಾರ್ ಸ್ಟಾರ್ಟ್ ಮಾಡಿ ಕಾರಿನಿಂದ ಟ್ರೈಲರ್‌ಗೆ ಕರೆಂಟ್ ಕೊಡುವ 7 ಪಿನ್ ಕೇಬಲ್ ಸಿಕ್ಕಿಸಿದ ಮೇಲೆ ಬ್ಯಾಟರಿ ಎಚ್ಚರವಾಯಿತು. ಮಾನಿಟರ್ ಎದ್ದು ತೋರಿಸಿದ್ದೇನು ಗೊತ್ತಾ? 100 ಪರ್ಸೆಂಟ್. ಪವರ್ ಹೋಗಿ ಬಂದರೆ ಬ್ಯಾಟರಿ ತುಂಬಿದೆ ಅಂತಲೇ ಶುರು ಮಾಡುವುದು ಅದರ ಡಿಫಾಲ್ಟ್. ಹೊಸ ಬ್ಯಾಟರಿ ಕೂರಿಸುವ ದಿನಕ್ಕೆ ಅದು ಅನುಕೂಲ ಇರಬಹುದು. ಪೂರ್ತಿ ಬರಿದಾಗಿ ಈಗಷ್ಟೇ ಉಸಿರು ಬಂದ ಬ್ಯಾಟರಿಯನ್ನು 100 ಅಂದರೆ ಅದು ಅಳತೆಯೇ ಅಲ್ಲ.

ಮನೆಗೆ ಬಂದು ಮಲ್ಟಿಮೀಟರ್ ಹಿಡಿದು ಕೂತೆ. ನೆಗೆಟಿವ್ ಕೇಬಲ್ ಬಿಚ್ಚಿ, ಮೀಟರನ್ನು ನಡುವೆ ಸೇರಿಸಿ, ಎಲ್ಲ ಆಫ್ ಮಾಡಿ ನೋಡಿದೆ. 80 ಮಿಲಿಆಂಪ್ ಹೋಗುತ್ತಲೇ ಇದೆ. ಒಂದೊಂದೇ ಫ್ಯೂಸ್ ಕಿತ್ತು ಹುಡುಕಿದರೆ, ನೆಲದ ಹತ್ತಿರ ಪುಟ್ಟ ಹಸಿರು ದೀಪ ಉರಿಸಿಕೊಂಡು ಕೂತಿರುವ ಗ್ಯಾಸ್ ಲೀಕ್ ಡಿಟೆಕ್ಟರ್. ಸುರಕ್ಷತೆಗೆ ಅಂತ ಅದರ ತಂತಿಯನ್ನು ಡಿಸ್ಕನೆಕ್ಟ್ ಸ್ವಿಚ್ ದಾಟಿಸಿ ನೇರವಾಗಿ ಕೊಟ್ಟಿರುತ್ತಾರೆ. ಸ್ವಿಚ್ ಆಫ್ ಮಾಡಿದರೂ ಅದು ನಿಲ್ಲುವುದಿಲ್ಲ.

80 ಮಿಲಿಆಂಪ್ ಅಂದರೆ ದಿನಕ್ಕೆ ಎರಡು ಆಂಪ್-ಅವರ್‌ಗೆ ಸ್ವಲ್ಪ ಕಡಿಮೆ. ಅಮ್ಮನ ಚಟ್ನಿಗಿಂತ ಎರಡು ಪಟ್ಟು ಜಾಸ್ತಿ, ಅದೂ ಪ್ರತಿದಿನ. ನಲವತ್ತು ದಿನಕ್ಕೆ 77. ಇದು ಶಂಟ್ ಮೂಲಕವೇ ಹೋಗುತ್ತದೆ, ಆದರೂ ಮಾನಿಟರ್ ಲೆಕ್ಕಕ್ಕೆ ತಗೊಳ್ಳಲಿಲ್ಲ. ಯಾಕೆಂದರೆ ಕರೆಂಟ್ ಥ್ರೆಶೋಲ್ಡ್ ಅಂತ ಇನ್ನೊಂದು ಸೆಟ್ಟಿಂಗ್ ಇದೆ, ಡಿಫಾಲ್ಟ್ 0.1 ಆಂಪ್. ಅದಕ್ಕಿಂತ ಕಡಿಮೆ ಹರಿದರೆ ಸೊನ್ನೆ ಅಂತಲೇ ಬರೆದುಕೊಳ್ಳುತ್ತದೆ. ಟ್ಯಾಂಕ್‌ನ ನಲ್ಲಿ ತೊಟ್ಟಿಕ್ಕಿದರೆ ಪೈಪಿನ ಮೀಟರ್ ತಿರುಗದೇ ಇರುವುದು ಇದೇ. ಹಾಗೆ ಮಾಡಿರುವುದಕ್ಕೆ ಕಾರಣವೂ ಇದೆ: ಏನೂ ಹರಿಯದಿದ್ದಾಗಲೂ ಅಳತೆಯಲ್ಲಿ ಒಂಚೂರು ತಪ್ಪು ಬರುತ್ತದೆ, ಅದು ತಿಂಗಳುಗಟ್ಟಲೆ ಸೇರಿದರೆ ಪರ್ಸೆಂಟ್ ಸುಮ್ನೆ ಏರುತ್ತದೆ, ಇಲ್ಲ ಇಳಿಯುತ್ತದೆ. ಒಪ್ಪುತ್ತೇನೆ. ಆದರೆ ಆ ತಪ್ಪನ್ನು ಅಡಗಿಸಲು ನಿಜವಾಗಿ ಹೋಗುತ್ತಿರುವ 80 ಮಿಲಿಆಂಪನ್ನೂ ಅಡಗಿಸಿ, 0.00 ಅಂತ ಎರಡು ದಶಾಂಶದವರೆಗೆ ತೋರಿಸುವುದು ಸರಿಯಲ್ಲ. ಥ್ರೆಶೋಲ್ಡ್ ಕೆಳಗೆ ಏನೋ ಹರಿಯುತ್ತಿದೆ ಅಂತ ಒಂದು ಗುರುತಾದರೂ ಬೇಕಿತ್ತು.

ಈಗ ಮಾಡಿಕೊಂಡಿರುವುದು ಇಷ್ಟು. ಶಂಟ್‌ನ ಆಚೆ ಬದಿಯ ಎಲ್ಲ ತಂತಿ ಬಿಚ್ಚಿ ಜೀರೋ ಕ್ಯಾಲಿಬ್ರೇಶನ್ ಮಾಡಿದೆ, ಅಂದರೆ ಏನೂ ಹರಿಯದಿರುವುದು ಹೀಗೆ ಅಂತ ಮೀಟರ್‌ಗೆ ತೋರಿಸಿಕೊಟ್ಟೆ, ಆಮೇಲೆ ಥ್ರೆಶೋಲ್ಡನ್ನು 0.02ಕ್ಕೆ ಇಳಿಸಿದೆ. ಹಸಿರು ದೀಪ ಈಗ ಮೈನಸ್ 0.08 ಅಂತ ಕಾಣುತ್ತದೆ. ಪವರ್ ಬಂದಾಗ 100 ಅನ್ನುವ ಆಯ್ಕೆ ಆಫ್. ಯಾರ್ಡ್‌ನಲ್ಲಿ ಬಿಡುವಾಗ ಮೊದಲು ಗ್ಯಾಸ್ ಸಿಲಿಂಡರ್ ಬಂದ್ ಮಾಡುತ್ತೇವೆ, ಆಮೇಲೆ ಶಂಟ್‌ನ ಆಚೆ ಬದಿಯ ಕೇಬಲ್ ಬಿಚ್ಚುತ್ತೇವೆ. ಬ್ಯಾಟರಿ ಬದಿಯ ಕೇಬಲ್ ಮುಟ್ಟುವುದಿಲ್ಲ, ಮುಟ್ಟಿದರೆ ಮಾನಿಟರ್ ಆಫ್ ಆಗಿ ಲೆಕ್ಕ ಹೋಗುತ್ತದೆ. ಫೀನಿಕ್ಸ್ ಬಿಸಿಲಿಗೆ ಪೂರ್ತಿ ತುಂಬಿಸಿ ಬಿಡುವುದೂ ಲಿಥಿಯಂಗೆ ಒಳ್ಳೆಯದಲ್ಲ, ಅದಕ್ಕೆ 60ರ ಆಸುಪಾಸಿನಲ್ಲಿ ಬಿಡುತ್ತೇವೆ.

ವೋಲ್ಟ್ ಕೆಲಸಕ್ಕೆ ಬರುವುದಿಲ್ಲ ಅಂದೆನಲ್ಲ, ಅದು ನಡುವಿನ ಭಾಗಕ್ಕೆ ಮಾತ್ರ. ಎರಡು ತುದಿಯಲ್ಲಿ ಅದು ನಿಜ ಹೇಳುತ್ತದೆ. ಸಣ್ಣ ದೀಪ ಬಿಟ್ಟು ಬೇರೇನೂ ಓಡದಿರುವಾಗ 12.8ಕ್ಕಿಂತ ಕೆಳಗೆ ಕಂಡರೆ, ಪರ್ಸೆಂಟ್ 80 ಅಂದರೂ ನಂಬಬೇಡಿ. ರಾತ್ರಿ ಈಗ ನಾನು ಎರಡೂ ಸಂಖ್ಯೆ ನೋಡುತ್ತೇನೆ.

ಇಷ್ಟೆಲ್ಲ ಆದ ಮೇಲೂ ಇದನ್ನು ಕಿತ್ತುಹಾಕಿಲ್ಲ. ಪ್ರಯಾಣದಲ್ಲಿರುವಾಗ, ಎರಡು ಮೂರು ದಿನಕ್ಕೊಮ್ಮೆ ಬ್ಯಾಟರಿ ಪೂರ್ತಿ ತುಂಬುತ್ತಿದ್ದರೆ, ಇದರ ಲೆಕ್ಕ ಸರಿಯಾಗಿಯೇ ಇರುತ್ತದೆ. ಆ್ಯಸಿಡ್ ಬ್ಯಾಟರಿಯ ಡಿಫಾಲ್ಟ್ ಇಟ್ಟು ಲಿಥಿಯಂ ಇರುವವರಿಗೆ ಮಾರುವುದನ್ನು ಮಾತ್ರ ಕಂಪನಿ ಬಿಡಬೇಕು. ಆಪ್ ತೆರೆದ ಕೂಡಲೇ ಯಾವ ಬ್ಯಾಟರಿ ಅಂತ ಒಂದು ಪ್ರಶ್ನೆ ಕೇಳಿ, ಉತ್ತರಕ್ಕೆ ತಕ್ಕ ಹಾಗೆ ಉಳಿದದ್ದನ್ನು ತಾನೇ ಬದಲಿಸಿಕೊಂಡರೆ ಸಾಕು. ಐದಕ್ಕೆ ಮೂರೂವರೆ.

ಕಾಡಿನಲ್ಲಿ ನಿಲ್ಲಿಸುವವರು ತಗೊಳ್ಳಿ. ಯಾವಾಗಲೂ ಕರೆಂಟ್ ಪಾಯಿಂಟ್ ಇರುವ ಕ್ಯಾಂಪ್‌ಗ್ರೌಂಡ್‌ಗೇ ಹೋಗುವವರಿಗೆ ಇದರ ಅಗತ್ಯವಿಲ್ಲ, ಆ ದುಡ್ಡಿಗೆ ಒಂದು ಒಳ್ಳೆಯ ಮಿಕ್ಸಿ ಬರುತ್ತದೆ.